ಬಲಗಡೆಯ ಹೂ

ನಾನು ಬೆಳೆದದ್ದು ಮಂಡ್ಯದ ಹತ್ತಿರದ ವಿ.ಸಿ. ಫಾರಂ ಕ್ವಾರ್ಟರ್ಸಿನಲ್ಲಿ. ಅಪ್ಪಾಜಿ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ದೇವರ ಪಟವಿರಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಇರುತ್ತಿತ್ತು, ಪೂಜೆ ಇರುತ್ತಿರಲಿಲ್ಲ. ಅದೊಂದು ಕೊರತೆಯೆಂದು ಅನ್ನಿಸಿದ್ದು ಮದುವೆಯಾಗಿ ಮಳವಳ್ಳಿಗೆ ಬಂದು, ಮೊದಲ ಬಸಿರು ಐದನೇ ತಿಂಗಳಲ್ಲಿ ಹೋದಮೇಲೆ. ಯಾಕೆ ಹೋಯಿತೆಂದು ಡಾಕ್ಟರಿಗೂ ಗೊತ್ತಾಗಲಿಲ್ಲ. "ಕೆಲವೊಮ್ಮೆ ಹೀಗಾಗುತ್ತೆ" ಎಂದರು. ಆ ಮಾತನ್ನು ನಂಬಿಕೊಂಡು ಇರುವುದು ನನ್ನಿಂದಾಗಲಿಲ್ಲ.

ಮತ್ತೆ ಬಸಿರಾದಾಗ ಅತ್ತೆ ತಮ್ಮ ಮನೆದೇವರ ಗುಡಿಗೆ ಕರೆದೊಯ್ದರು. ಅಲ್ಲಿ ಅಮ್ಮನವರ ಎರಡೂ ಬದಿಗೆ ಹೂ ಸಿಕ್ಕಿಸಿ, ಮನಸ್ಸಿನಲ್ಲಿರುವುದನ್ನು ಕೇಳಿಕೊಳ್ಳುತ್ತಾರೆ. ಬಲಗಡೆಯದು ಬಿದ್ದರೆ ಒಳ್ಳೆಯದು. ನಾನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಲಗಡೆಯ ಸೇವಂತಿಗೆ ಜಾರಿ ಬಿತ್ತು.

"ಬಲಕ್ಕೇ ಕೊಟ್ಟವ್ಳೆ. ಇನ್ನೇನೂ ಯೋಚ್ನೆ ಮಾಡ್ಬ್ಯಾಡ ಕಣವ್ವ," ಎಂದು ಅತ್ತೆ ನನ್ನ ಬೆನ್ನು ಸವರಿದರು.

ಅಂದು ಹೊಟ್ಟೆ ತುಂಬ ಉಂಡೆ. ಒಂದೆರಡು ದಿನ ಹಾಗೇ ನೆಮ್ಮದಿಯಾಗಿದ್ದೆ. ಆಮೇಲೆ ಗುಡಿಯೊಳಗಿನ ಫ್ಯಾನು ನೆನಪಾಯಿತು. ಅದು ತಿರುಗುತ್ತಿತ್ತೇ? ಹೂ ಗಾಳಿಗೆ ಬಿತ್ತೇ? ಅತ್ತೆಯನ್ನು ಕೇಳಲು ಧೈರ್ಯವಾಗಲಿಲ್ಲ. ಅನ್ನ ಸೇರದಾಯಿತು. ಕೂತಲ್ಲಿ ನಿಂತಲ್ಲಿ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮದ್ದೂರಿನಲ್ಲಿ ಗೆಳತಿಯನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಗುಡಿಗೆ ಹೋದೆ.

"ಒಂದ್ಸಲ ಕೊಟ್ಟಾದ್ಮೇಲೆ ತಿರ್ಗಾ ಕೇಳ್ಬಾರ್ದು," ಎಂದರು ವಯಸ್ಸಾದ ಪೂಜಾರಿ.

"ಇದೊಂದು ಸಲ. ಫ್ಯಾನು ನಿಲ್ಲಿಸಿ ಕೇಳಿ," ಎಂದೆ.

ಅವರು ನನ್ನ ಮುಖ ನೋಡಿ, ಸ್ವಿಚ್ಚು ಆರಿಸಿ, ಹೂ ಸಿಕ್ಕಿಸಿದರು. ಬೀಳಲಿಲ್ಲ. ಯಾರ್ಯಾರೋ ಬಂದು ಕೈಮುಗಿದು ಹೋದರು.

"ಈಗ್ತಾನೆ ಅಬಿಸೇಕ ಮಾಡಿವ್ನಿ. ಕಲ್ಲಿನ್ನೂ ಒದ್ದೆ ಅದೆ, ಹೂ ಅಂಟ್ಕಂಡದೆ. ಅಷ್ಟೇಯ. ಮನೆಗೋಗವ್ವ," ಎಂದರು ಪೂಜಾರಿ.

ಸಮಾಧಾನಕ್ಕೆ ಆಡಿದ ಆ ಮಾತೇ ನನ್ನನ್ನು ಕುಗ್ಗಿಸಿತು. ಇಂದು ಹೂವನ್ನು ಹಿಡಿದಿದ್ದು ನೀರಾದರೆ, ಅಂದು ಬೀಳಿಸಿದ್ದು ಯಾರು?

ಜಗಲಿಯ ಮೇಲೆ ಕೂತು ಅಪ್ಪಾಜಿಗೆ ಫೋನ್ ಮಾಡಿದೆ. ಅವರು ಕಾರು ತೆಗೆದುಕೊಂಡು ಬಂದರು. ಇಲ್ಲಿಗೆ ಯಾಕೆ ಬಂದೆ ಎಂದು ಕೇಳಲಿಲ್ಲ. ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತರು.

"ನಿಮಗೆ ಭಯವೇ ಆಗಲ್ವಾ ಅಪ್ಪಾಜಿ?"

"ಯಾಕಾಗಲ್ಲ? ಹೋದ್ಸಲ ಹಂಗಾದಾಗಿಂದ ನಿನ್ನ ಫೋನ್ ಬಂದ್ರೆ ಎದೆ ಧಸಕ್ ಅಂತದೆ."

"ಆಗ ಏನ್ಮಾಡ್ತೀರಿ?"

"ಎತ್ಕೊಂಡು ಮಾತಾಡ್ತೀನಿ ಕಣವ್ವ. ಇನ್ನೇನ್ ಮಾಡ್ಲಿ?"

ಅವರಿಗೂ ಹೆದರಿಕೆಯಿದೆಯೆಂದು ನನಗೆ ತಿಳಿದದ್ದು ಅವತ್ತೇ. ಅವರ ಕಾರಿನಲ್ಲೇ ಮನೆಗೆ ಬಂದೆ.

ದಿನ ತುಂಬಿ ಮಂಡ್ಯದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಅಮ್ಮನವರು ಕೊಟ್ಟ ಮಾತು ನಡೆಸಿಕೊಟ್ಟರು ಎಂದು ಅತ್ತೆ ಹೇಳುತ್ತಾರೆ. ಇರಬಹುದು. ಈಗಲೂ ಮಂಗಳವಾರಗಳಲ್ಲಿ ಗುಡಿಗೆ ಹೋಗುತ್ತೇನೆ. ಏನನ್ನೂ ಕೇಳುವುದಿಲ್ಲ. ಕೇಳದೆ ನಿಲ್ಲುವುದು ಸುಲಭವಲ್ಲ, ಆದರೂ ಕೈಮುಗಿದಷ್ಟು ಹೊತ್ತು ಉಸಿರು ಸರಾಗವಾಗುತ್ತದೆ. ಮನೆಗೆ ಬಂದೊಡನೆ, ಜ್ವರವಿರಲಿ ಬಿಡಲಿ, ಮಗಳ ಹಣೆ ಮುಟ್ಟಿ ನೋಡುತ್ತೇನೆ.