ನಡೆಯಲಾಗದವರು ಎಂದು ಬರೆಸಿಕೊಂಡ ಕಾಕ

ಬೆವರು ಒಣಗಿದ ಮೇಲೆ ಅವರ ನೀಲಿ ಅಂಗಿಯ ಬೆನ್ನಿನಲ್ಲಿ ಉಪ್ಪಿನ ಬಿಳಿಗೆರೆಗಳು ಒಂದರ ಕೆಳಗೊಂದು ಮೂಡಿರುತ್ತಿದ್ದವು. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ನಮ್ಮ ಕಂಪನಿಯ ಫೋರ್‌ಮನ್ ಅವರು, ಉಳ್ಳಾಲದ ಕಡೆಯವರು. ನಾನು ಕಾಕ ಎನ್ನುತ್ತಿದ್ದೆ. ಸುರಕ್ಷತಾ ವಿಭಾಗದಲ್ಲಿ ವರದಿ ಬರೆಯುವ ಕೆಲಸಕ್ಕೆ ಆಗಷ್ಟೇ ಸೇರಿದ್ದ ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗನಾದ್ದರಿಂದ, ಎಲ್ಲಿ ತಪ್ಪಾದೀತೋ ಎಂಬ ಭಯ ನನ್ನನ್ನು ಸದಾ ಕಾಡುತ್ತಿತ್ತು.

ಬಿಸಿಲಿನಲ್ಲಿ ದುಡಿಯುವವರನ್ನು ಕಾಕ ಎಂದೂ "ನೀರು ಬೇಕಾ?" ಎಂದು ಕೇಳಿದವರಲ್ಲ. ಬೇಡವೆನ್ನುವುದೇ ಕೆಲಸಗಾರರ ಅಭ್ಯಾಸವೆಂದು ಬಲ್ಲವರು. ಬದಲಿಗೆ ಮಕ್ಕಳ ಹೆಸರು ಕೇಳುವರು. ಉತ್ತರ ತುಸು ತಡವಾದರೂ ಸಾಕು, ಬಿಸಿಲು ತಲೆಗೇರಿದೆಯೆಂದು ತೋಳು ಹಿಡಿದು ನೆರಳಿಗೆ ಕರೆದೊಯ್ಯುವರು. "ಮಗಳ ಹೆಸರು ಮರೆತವನ ಕೈಯಲ್ಲಿ ಕಬ್ಬಿಣ ಎತ್ತಿಸ್ಲಿಕ್ಕಿಲ್ಲ" ಎಂಬುದು ಅವರ ಕಾನೂನು.

ಒಂದು ಆಗಸ್ಟಿನಲ್ಲಿ, ನಮ್ಮೊಂದಿಗೆ ಕಾಮಗಾರಿ ನಡೆಸುತ್ತಿದ್ದ ಜಪಾನಿನ ಸಂಸ್ಥೆಯೊಂದು ನಮ್ಮ ಮ್ಯಾನೇಜರರನ್ನೂ ಕಾಕನನ್ನೂ ನನ್ನನ್ನೂ ತನ್ನ ದೇಶಕ್ಕೆ ಆಹ್ವಾನಿಸಿತು. ಬಿಡುವಿನ ದಿನ ನಾವು ಮೂವರೂ ಅಲ್ಲಿನ ಪುರಾತನ ಯಾತ್ರಾಮಾರ್ಗವೊಂದನ್ನು ಹತ್ತಿದೆವು. ಪಾಚಿಗಟ್ಟಿದ ಕಲ್ಲುಮೆಟ್ಟಿಲು, ಆಕಾಶ ಮುಚ್ಚುವ ಮರಗಳು, ಗಾಳಿಯಾಡದ ಧಗೆ. ದಾರಿಯುದ್ದಕ್ಕೂ ಚಿಕ್ಕ ಮಂಟಪಗಳಲ್ಲಿ ಮರದ ಮುದ್ರೆಗಳಿದ್ದವು. ಯಾತ್ರಿಕರು ಅವನ್ನು ತಮ್ಮ ಪುಸ್ತಿಕೆಯಲ್ಲಿ ಒತ್ತಿಕೊಳ್ಳಬೇಕು. ಮಂಗಳೂರಿನವರೇ ಆದ ಮ್ಯಾನೇಜರ್ ಅದಕ್ಕಾಗಿ ಓಡುತ್ತಲೇ ಇದ್ದರು. ಹಿಂದುಳಿದರೆ ಏನೆಂದುಕೊಂಡಾರೋ ಎಂದು ನಾನೂ ನೀರಿಗೆ ನಿಲ್ಲದೆ ಅವರ ಬೆನ್ನುಹತ್ತಿದೆ.

"ಮಾರಾಯ, ನಿನ್ನ ತಂಗಿಯ ಹೆಸರೆಂತ?" ಹಿಂದಿನಿಂದ ಕಾಕ ಕೇಳಿದರು.

ನನ್ನ ಬಾಯಿಂದ ಹೊರಟದ್ದು ಅಮ್ಮನ ಹೆಸರು.

"ಕೂತ್ಕೊ. ಡಿಗ್ರಿ ಆದವರಿಗೆ ಸೆಕೆ ತಾಗುದಿಲ್ಲ ಅಂತ ಯಾರು ಹೇಳಿದ್ದು?" ಎಂದವರೇ ತೊರೆಯಲ್ಲಿ ಹೆಗಲ ಮೇಲಿನ ಬೈರಾಸು ಅದ್ದಿ ನನ್ನ ಕತ್ತಿಗೆ ಸುತ್ತಿದರು.

"ಯಲ್ಲಾ, ಯಲ್ಲಾ, ಬೇಗ ಬನ್ನಿ! ಇನ್ನು ಮೂರು ಮುದ್ರೆ ಉಂಟು. ಬಸ್ಸು ಹೋದ್ರೆ ಖಲಾಸ್!" ಮ್ಯಾನೇಜರ್ ಮೇಲಿನಿಂದ ಕೂಗಿದರು.

"ಮುದ್ರೆ ಮರದ್ದು ಸಾರ್, ಅಲ್ಲೇ ಇರ್ತದೆ. ಇವ ಇರುದಿಲ್ಲ."

ಏಳಹೋಗಿ ಕುಸಿದ ನನ್ನನ್ನು ಐವತ್ತೆಂಟರ ಆ ಮನುಷ್ಯ ಬೆನ್ನ ಮೇಲೆ ಹೊತ್ತು ಕೆಳಗಿನ ಹಳ್ಳಿಯವರೆಗೆ ಇಳಿದರು. ಬಸ್ಸು ತಪ್ಪಿತು. ಮ್ಯಾನೇಜರರ ಮೂರು ಪುಟಗಳು ಖಾಲಿ ಉಳಿದವು.

ದೋಹಾಕ್ಕೆ ಮರಳಿದ ಮೇಲೆ ಪ್ರವಾಸದ ವರದಿಯನ್ನು ಮ್ಯಾನೇಜರ್ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ: ಫೋರ್‌ಮನ್ನರಿಗೆ ವಯಸ್ಸಾಗಿದೆ, ನಡೆಯಲಾಗದೆ ತಂಡವನ್ನು ತಡೆದರು. "ಸಾರ್, ಕುಸಿದದ್ದು ನಾನು" ಎಂದೆ. "ಹಾಗಾದ್ರೆ ನಿನ್ನ ಹೆಸರೇ ಹಾಕುವನಾ?" ಎಂದರು. ನಾನು ಅವರು ಹೇಳಿದಂತೆಯೇ ಬರೆದು ಮುಗಿಸಿದೆ. ಆ ಒಂದು ವಾಕ್ಯವನ್ನು ಮುಂದಿಟ್ಟುಕೊಂಡು ಕಂಪನಿ ಕಾಕನ ಕರಾರನ್ನು ನವೀಕರಿಸಲಿಲ್ಲ. ದೋಹಾದ ಇಪ್ಪತ್ತಾರು ಬೇಸಿಗೆಗಳನ್ನು ಕಂಡ ದೇಹವನ್ನು ಅನರ್ಹವೆನ್ನಲು ಅವರಿಗೆ ವೈದ್ಯರೂ ಬೇಕಾಗಲಿಲ್ಲ!

ಹೊರಡುವ ದಿನ ಕಾಕ ನನ್ನ ಮೇಜಿನ ಬಳಿ ಬಂದರು. "ಬರೆದದ್ದು ನೀನಾ?"

"ಹೌದು ಕಾಕ."

"ಹಾಗಾದ್ರೆ ನಿನ್ನನ್ನು ಹೊತ್ತದ್ದು ಯಾರು ಮಾರಾಯ, ಜಪಾನಿನ ಜಿನ್ ಭೂತವಾ?" ನಗುತ್ತಲೇ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಳೆದ ರಂಜಾನಿನಲ್ಲಿ ಅವರು ಊರಿನಲ್ಲಿ ತೀರಿಕೊಂಡರು. ವರದಿಯನ್ನು ತಿದ್ದಬೇಕೆಂದು ನಾನು ಕಂಪನಿಗೆ ಬರೆದ ಪತ್ರಕ್ಕೆ, ಕಡತ ಮುಕ್ತಾಯವಾಗಿದೆ ಎಂಬ ಒಂದು ಸಾಲಿನ ಉತ್ತರ ಬಂದಿದೆ. ಆ ಮ್ಯಾನೇಜರರ ಮೇಲೂ, ಪದವಿ ಪಡೆದೂ ಬಾಯಿಲ್ಲದವನಾಗಿದ್ದ ನನ್ನ ಮೇಲೂ ನನಗಿರುವ ಸಿಟ್ಟು ಮುಕ್ತಾಯವಾಗಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ, ಈ ಸಲ ಯಾರೂ ಹೇಳಿಕೊಡದೆ: ಆ ದಿನ ನಡೆಯಲಾಗದವನು ನಾನು.