ಗಂಗವ್ವ ಮತ್ತು ಕೆಂಪಾದ ಹತ್ತಿ ಹೂವು

ಗೆಳೆಯರೇ, ವಾಚನಾಲಯದ ಈ ಫಲಕದ ಮೇಲೆ ಇವತ್ತು ನನ್ನ ಮಾನವನ್ನು ನಾನೇ ಹರಾಜಿಗಿಡುತ್ತಿದ್ದೇನೆ, ಓದಿಕೊಳ್ಳಿ.

ಹೊಸ ಹತ್ತಿ ತಳಿ ಕಂಡುಹಿಡಿದ ನಮ್ಮ ದಿವಂಗತ ತಳಿವಿಜ್ಞಾನಿಗಳ ಹೆಸರಿನಲ್ಲಿ ವಿಶ್ವವಿದ್ಯಾಲಯದವರು ಇಟ್ಟ ಸ್ಮಾರಕ ಉಪನ್ಯಾಸ ಇವತ್ತು ಮಧ್ಯಾಹ್ನ ನಮ್ಮ ಮುಧೋಳ ಸಂಸ್ಥಾನದ ಸಭಾಭವನದಲ್ಲಿ ನಡೆಯಿತು. ಬಾಗಿಲು ಕಾಯುವ ಕೆಲಸ ನನ್ನದು. ಬೆಳಗಲಿಯ ಗಂಗವ್ವ ಆಮಂತ್ರಣದ ಚೀಟಿ ಇಲ್ಲದೆ ಬಂದಳು.

“ಚೀಟಿ ಇಲ್ದ ಒಳಗ ಬಿಡೂದಿಲ್ಲಬೇ ಯವ್ವಾ,” ಎಂದೆ.

“ಸಾಹೇಬ್ರ ಹೊಲದಾಗ ಹನ್ನೆರಡ ವರ್ಷ ಹತ್ತಿ ಮೊಗ್ಗಿ ಬಿಚ್ಚಿ, ಒಂದೊಂದ ಮೊಗ್ಗಿಗೂ ಸಣ್ಣ ಚೀಲಾ ಕಟ್ಟಿದಾಕಿ ನಾನು. ಅವ್ರ ಬಗ್ಗೆ ಏನ ಹೇಳ್ತಾರ, ಕೇಳೇ ಹೋಗಾಕಿ.” ಹೊಸ್ತಿಲ ಮೇಲೆ ನಿಂತವಳು ಕದಲಲೇ ಇಲ್ಲ.

ಒಳಗೆ ಪ್ರಾಧ್ಯಾಪಕರು ಒಂದು ಹೂವನ್ನು ಎತ್ತಿ ತೋರಿಸಿ, “ಇಂಥ ಹೂವಿಗೆ ಬೇರೆ ತಳಿಯ ಪರಾಗ ಸವರಬೇಕು,” ಎಂದರು.

“ಅದು ಕೆಂಪಾಗೇತ್ರಿ!” ಗಂಗವ್ವನ ದನಿ ವೇದಿಕೆಯವರೆಗೂ ಹೋಯಿತು. “ನಿನ್ನಿ ಅರಳಿದ್ದು, ಅದರ ಪರಾಗ ಅದಕ್ಕ ಬಿದ್ದು ಕೆಲಸ ಮುಗದೈತಿ. ನಾಳೆ ಅರಳೂ ಮೊಗ್ಗಿ ಇವತ್ತ ಸಂಜಿಕಿ ಬಿಚ್ಚಿ, ಅದರ ಪರಾಗ ತಗದು, ಚೀಲಾ ಕಟ್ಟಬೇಕ್ರಿ; ಬ್ಯಾರೆ ಪರಾಗ ಸವರೂದು ನಾಳೆ ಮುಂಜಾನಿ. ಸಾಹೇಬ್ರು ನಮಗ ಹಂಗ ಕಲಿಸ್ಯಾರ.”

ಮುಂದಿನ ಸಾಲಿನಲ್ಲಿದ್ದ ಸಂಸ್ಥಾನದ ಅಧಿಕಾರಿಗಳು ತಿರುಗಿ ನನ್ನತ್ತ ಕಣ್ಣು ಕೆಂಪಗೆ ಮಾಡಿದರು. ಪ್ರಾಧ್ಯಾಪಕರು ಮಾತ್ರ ಹೂವನ್ನು ತಿರುತಿರುಗಿಸಿ ನೋಡಿ, ಪುಸ್ತಕದ ಭಾಷೆ ಬಿಟ್ಟು, “ಖರೆ ಐತಿ. ಬರ್ರಿ ಅವ್ವಾ, ನೀವ ಹೇಳ್ರಿ,” ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ನಾಳೆ ಸಂಜೆ ಪ್ರಾಧ್ಯಾಪಕರು, ಅಧಿಕಾರಿಗಳು ಎಲ್ಲರೂ ಮೊಗ್ಗು ಕಟ್ಟುವುದನ್ನು ನೋಡಲು ಗಂಗವ್ವನ ಜೊತೆ ಹೊಲಕ್ಕೆ ಹೋಗುತ್ತಾರಂತೆ. ನಾನೂ ಬರಲೇ ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದಳು:

“ಚೀಟಿ ಐತೇನು?”