ಎತ್ತದೆ ಉಳಿದ ಏಳನೆಯ ಎಲೆ

ಜೂನ್ 14, ಶುಕ್ರವಾರ, ಬೆಳಿಗ್ಗೆ 8.10. ಡೇರಿಯಿಂದ ಹಾಲಿನ ಗಾಡಿ ಹೋದ ಮೇಲೆ ಬರೆಯಲು ಕೂತಿದ್ದೇನೆ.

ಮೇಷ್ಟ್ರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿತ್ತಂತೆ. ಬೆರಳ ತುದಿ ಬೇಯಿಸಿ ಸುಲಿದ ಆಲೂಗಡ್ಡೆಯ ಹಾಗೆ ನುಣ್ಣಗಿತ್ತು. ಭೂಪಟದ ಮೇಲೆ ಅದನ್ನಿಟ್ಟರೆ ಸ್ವಿಟ್ಜರ್ಲೆಂಡ್ ಪೂರ್ತಿ ಮುಚ್ಚಿಹೋಗುತ್ತಿತ್ತು. "ಇದರ ಕೆಳಗೆ ಜಿನೀವಾ ಇದೆ, ನಂಬಿ" ಎನ್ನುತ್ತಿದ್ದರು. ಯಾರನ್ನೂ ಸುಲಭವಾಗಿ ನಂಬುವ ಸ್ವಭಾವ ನನಗೆ ಆಗಲೂ ಇರಲಿಲ್ಲ. ಪೀರಿಯಡ್ ಮುಗಿದ ಮೇಲೆ ಹೋಗಿ ನೋಡಿದೆ. ಇತ್ತು.

ಹತ್ತನೇ ತರಗತಿಯಲ್ಲಿ ಅವರು ನಮಗೆ ಸಮಾಜ ವಿಜ್ಞಾನ ಕಲಿಸಿದರು. ಮೊದಲ ಮಹಾಯುದ್ಧ ಮುಗಿದಾಗ, ಇನ್ನೊಂದು ಆಗದಿರಲೆಂದು ಹುಟ್ಟಿ ಜಿನೀವಾದಲ್ಲಿ ಸಭೆ ಸೇರುತ್ತಿದ್ದ ರಾಷ್ಟ್ರಸಂಘ ಅವರ ಮೆಚ್ಚಿನ ಪಾಠ. ಹಲಗೆಯ ನಡುವೆ ಗೆರೆ ಎಳೆದು ಈ ಕಡೆ ಗೆಲುವು, ಆ ಕಡೆ ಸೋಲು ಎಂದು ಬರೆಯುತ್ತಿದ್ದರು. ಗೆಲುವಿನ ಕಡೆ ಸ್ವೀಡನ್ ಮತ್ತು ಫಿನ್ಲೆಂಡಿನ ದ್ವೀಪಗಳ ಜಗಳ. ನಾಯಿಯ ಹಿಂದೆ ಓಡಿದ ಸಿಪಾಯಿಯಿಂದ ಶುರುವಾಯಿತೆಂದು ಜನ ಹೇಳುವ ಗ್ರೀಸ್ ಮತ್ತು ಬಲ್ಗೇರಿಯದ ಗಡಿ ಕದನ. ಸೋಲಿನ ಕಡೆ ಜಪಾನ್ ನುಂಗಿದ ಮಂಚೂರಿಯಾ, ಇಟಲಿ ನುಂಗಿದ ಅಬಿಸೀನಿಯಾ, ಕೊನೆಗೆ ಎರಡನೇ ಮಹಾಯುದ್ಧ. ಎರಡೂ ಕಡೆ ಎಣಿಸಿ ನೋಡಿ, "ಕೊನೇದೊಂದೇ ಸಾಕಲ್ವಾ ಸಾರ್, ಫೇಲ್ ಅನ್ನೋಕೆ?" ಎಂದೆ.

"ಸೋಲು ಎಲ್ಲರ ಕಣ್ಣಿಗೂ ಬೀಳುತ್ತಮ್ಮ. ಆಗದೇ ಹೋದ ಯುದ್ಧನ ಯಾರು ನೋಡಿದ್ದಾರೆ? ಅದನ್ನ ಹೇಗೆ ಎಣಿಸ್ತೀಯ?"

'ಉತ್ತರ ತಪ್ಪಿಸಿಕೊಂಡರು' ಎಂದು ಆ ದಿನದ ದಿನಚರಿಯಲ್ಲಿದೆ.

ನಿವೃತ್ತರಾದ ಮೇಲೆ ಮೇಷ್ಟ್ರು ಸೂಲಿಬೆಲೆ ಸುತ್ತಿನ ಮೂರು ಊರುಗಳಿಂದ, ತಾವೂ ಸೇರಿ ಏಳು ಜನರ ಪಂಚಾಯ್ತಿಯೊಂದನ್ನು ಕಟ್ಟಿದರು. ಬದು, ಬಂಡಿದಾರಿ, ಬೋರಿನ ನೀರು, ಇಂಥ ಜಗಳ ತೀರಿಸುವುದು ಅದರ ಕೆಲಸ. ಆ ಹೊತ್ತಿಗೆ ನಾನು ನಮ್ಮೂರ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸಕ್ಕೆ ಸೇರಿದ್ದೆ. ಸಭೆ ನಡೆಯುತ್ತಿದ್ದುದು ಡೇರಿಯ ಜಗುಲಿಯಲ್ಲೇ. "ಏನಪ್ಪಾ, ಜಿನೀವಾಕ್ಕೆ ಹೊರಟ್ಯಾ? ಪಾಸ್‌ಪೋರ್ಟ್ ಇಟ್ಕೊಂಡ್ಯಾ?" ಎಂದು ಕ್ಯಾನ್ ಹಿಡಿದು ನಿಂತವರು ಸಭೆಗೆ ಬಂದವರನ್ನು ಕೆಣಕುತ್ತಿದ್ದರು.

ತಟ್ಟೆಯಲ್ಲಿ ಏಳು ವೀಳ್ಯದೆಲೆ ಇಡುತ್ತಿದ್ದರು. ತೀರ್ಮಾನಕ್ಕೆ ಒಪ್ಪಿದವರು ಒಂದೊಂದು ಎತ್ತಿಕೊಳ್ಳಬೇಕು. ಒಂದು ಎಲೆ ಉಳಿದರೂ ತೀರ್ಮಾನವಿಲ್ಲ. ರಾಷ್ಟ್ರಸಂಘದಲ್ಲೂ ದೊಡ್ಡ ವಿಷಯಗಳಿಗೆ ಎಲ್ಲರ ಒಪ್ಪಿಗೆ ಬೇಕಿತ್ತು, ಅದು ಕೈಕಟ್ಟಿ ಕೂರಲು ಅದೂ ಒಂದು ಕಾರಣ ಎಂದು ನಮಗೆ ಬರೆಸಿದವರು ಇವರೇ. ಅದೇ ನಿಯಮ ಇಲ್ಲಿಗೇಕೆ ಎಂದು ಕೇಳಿದೆ. "ಇಲ್ಲಿ ಸೋತವನು ನಾಳೆನೂ ನಿನ್ನ ಡೇರಿಗೇ ಹಾಲು ತರಬೇಕಲ್ಲಮ್ಮ" ಎಂದರು. ನಾನು ದಿನಚರಿಯಲ್ಲಿ ಗೆಲುವು, ಸೋಲು ಎಂದು ಬರೆದಿಟ್ಟುಕೊಂಡ ಹದಿನಾಲ್ಕು ಜಗಳಗಳಲ್ಲಿ ಒಂಬತ್ತು ತೀರಿದವು.

ಹದಿನೈದನೆಯದು ನಮ್ಮದು.

ನಮ್ಮ ಹೊಲಕ್ಕೆ ಹೋಗುವ ಹನ್ನೆರಡಡಿ ಬಂಡಿದಾರಿ ದೊಡ್ಡಪ್ಪನ ಜಮೀನಿನ ಅಂಚಿನಲ್ಲಿತ್ತು. ದೊಡ್ಡಪ್ಪ ಎಂದರೆ ಅಪ್ಪನಿಗೆ ದಾಯಾದಿ ಅಣ್ಣ. ಒಂದು ಬೆಳಿಗ್ಗೆ ಅವರು ಯಂತ್ರ ತರಿಸಿ ದಾರಿಗೆ ಅಡ್ಡ ಗುಂಡಿ ತೋಡಿಸಿ ಕಲ್ಲುಕಂಬ ನೆಡಿಸಿಬಿಟ್ಟರು. ನಮ್ಮ ನಾಲ್ಕು ಹಸುಗಳ ಮೇವೆಲ್ಲ ಆ ಹೊಲದ್ದೇ. ದಾರಿಯಿಲ್ಲದ ಹೊಲ ಇಟ್ಟುಕೊಂಡು ಏನು ಮಾಡುವುದು, ಲೇಔಟಿನವರು ಕೇಳಿದಷ್ಟಕ್ಕೆ ಕೊಟ್ಟುಬಿಡೋಣ ಎಂದು ಅಪ್ಪ ಊಟ ಬಿಟ್ಟು ಕೂತರು.

ಸಭೆಗೆ ದೊಡ್ಡಪ್ಪ ಬಂದರು, ಆದರೆ ಚಪ್ಪಲಿ ಕಳಚಲಿಲ್ಲ. "ನನ್ನ ಪಹಣಿ, ನನ್ನ ನೆಲ. ನೀವ್ಯಾರು ಕೇಳೋಕೆ?" ಎಂದರು. ದಾರಿ ಬಿಡಿಸಬೇಕೆಂದು ತಟ್ಟೆ ಸುತ್ತು ಬಂತು. ಆರು ಜನ ಎಲೆ ಎತ್ತಿದರು. ಏಳನೆಯವರು ಮೇಷ್ಟ್ರು. ತಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟು, "ನನಗೆ ಇನ್ನೂ ಸ್ವಲ್ಪ ದಿನ ಬೇಕು" ಎಂದರು.

ದೊಡ್ಡಪ್ಪನ ಮುಖ ಸಡಿಲವಾಯಿತು. ನಾನು ಅದನ್ನು ನೋಡಿದೆ.

ಡೇರಿಯ ಕಿಟಕಿಯಿಂದ ದೊಡ್ಡಪ್ಪನ ಮನೆ ಬಾಗಿಲು ಕಾಣುತ್ತದೆ. ಮೇಷ್ಟ್ರು ಅಲ್ಲಿಗೆ ಹೋದದ್ದನ್ನೆಲ್ಲ ಬರೆದಿಟ್ಟೆ. ಐದು ವಾರದಲ್ಲಿ ಒಂಬತ್ತು ಸಲ. ಒಮ್ಮೆ ಕಾಫಿ ಲೋಟ ಹಿಡಿದು ನಗುತ್ತಾ ಬಾಗಿಲಿಗೆ ಬಂದರು. ಇನ್ನೊಮ್ಮೆ ಕೈಯಲ್ಲಿ ಹೀರೇಕಾಯಿ ತುಂಬಿದ ಚೀಲ. ನಮ್ಮ ಮನೆಗೆ ಬಂದದ್ದು ಒಂದು ಸಲವೂ ಇಲ್ಲ.

ಆರನೇ ವಾರ ಗುಂಡಿ ಮುಚ್ಚಿ, ಕಲ್ಲುಕಂಬ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ಟೇಪು ಹಿಡಿದು ಅಳೆದೆ. ಆರಡಿ. ಹಸು ಹೋಗುತ್ತದೆ, ಸ್ಕೂಟರ್ ಹೋಗುತ್ತದೆ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹೋಗುವುದಿಲ್ಲ. ನೇರ ಮೇಷ್ಟ್ರ ಮನೆಗೆ ನಡೆದೆ.

"ಹನ್ನೆರಡರಲ್ಲಿ ಆರಡಿ ಯಾಕೆ ಬಿಟ್ಕೊಟ್ರಿ ಸಾರ್?"

"ಆರಡಿ ಉಳೀತು ಅನ್ನು."

"ಹೀರೇಕಾಯಿ ರುಚಿಯಾಗಿತ್ತಾ?"

ಅಡುಗೆಮನೆಯಲ್ಲಿದ್ದ ಅವರ ಹೆಂಡತಿ ಸೌಟು ಹಿಡಿದೇ ಬಂದು ನಿಂತರು. ಮೇಷ್ಟ್ರು ಕೋಪ ಮಾಡಿಕೊಳ್ಳಲಿಲ್ಲ. "ಸೈನ್ಯ ಇಲ್ಲದ ಸಂಘಮ್ಮ ನಮ್ಮದು. ಮಂಚೂರಿಯಾದಲ್ಲಿ ಸಂಘ ಹೇಳಿದ್ದು ಸರಿಯಾಗೇ ಇತ್ತು. ಜಪಾನಿನೋರು ಕೇಳಿ ಎದ್ದು ಹೋದ್ರು. ನೆಲ ಮಾತ್ರ ಬಿಡಲಿಲ್ಲ" ಎಂದರು.

"ಪಾಠ ಬೇಡ ಸಾರ್" ಎಂದು ಬಂದುಬಿಟ್ಟೆ. ದಿನಚರಿಯ ಸೋಲಿನ ಪಟ್ಟಿಗೆ ಹದಿನೈದನೆಯದನ್ನು ಸೇರಿಸಿ, ಅದರ ಎದುರಿಗೆ 'ಮೇಷ್ಟ್ರನ್ನು ನಂಬಬಾರದು' ಎಂದು ಬರೆದೆ.

ನಾಲ್ಕು ತಿಂಗಳಿಗೆ ಅವರು ಹೃದಯಾಘಾತವಾಗಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ದೂರವೇ ನಿಂತಿದ್ದೆ.

ಕಳೆದ ತಿಂಗಳು ದೊಡ್ಡಪ್ಪನ ಜಮೀನಿನ ಸುತ್ತ ಲೇಔಟಿನವರು ಎತ್ತರದ ಕಾಂಪೌಂಡ್ ಎಬ್ಬಿಸಿದರು. ಆದರೆ ನಮ್ಮ ದಾರಿಯ ಆರಡಿ ಬಿಟ್ಟೇ ಕಟ್ಟಿದರು. ಕೊಂಡವರು ಇಷ್ಟು ಒಳ್ಳೆಯವರೇ ಎಂದು ನನಗೆ ಅನುಮಾನ. ದೊಡ್ಡಮ್ಮ ಹಾಲು ತಂದಾಗ ಕೇಳಿದೆ.

"ಕ್ರಯಪತ್ರದಲ್ಲೇ ಬರೆದೈತೆ ಕಣಮ್ಮಿ, ಪೂರ್ವಕ್ಕೆ ಆರಡಿ ದಾರಿ ಬಿಟ್ಟು ಅಂತ. ಮೇಷ್ಟ್ರು ಬರೆಸಿದ್ದು. ಪಂಚಾಯ್ತಿ ಹೊತ್ಗೇ ನಿಮ್ಮ ದೊಡ್ಡಪ್ಪ ಮಾರೋಕೆ ಮಾತು ಕೊಟ್ಟಾಗಿತ್ತು. ದಾರಿ ಮುಚ್ಚಿಸಿದ್ದೂ ಅದಕ್ಕೇ. ಅವತ್ತು ಏಳೂ ಎಲೆ ಎದ್ದಿದ್ರೆ ಜಿದ್ದಿಗೆ ಬಿದ್ದು ಮಾರನೇ ದಿನಾನೇ ದಾರಿ ಸೇರಿಸಿ ಅಷ್ಟನ್ನೂ ಲೇಔಟಿನೋರಿಗೆ ಬರೆದುಕೊಟ್ಬಿಡ್ತಿದ್ರು. ಆಮೇಲೆ ನಿಮಗೆ ಕೋರ್ಟೇ ಗತಿ."

"ನಮಗ್ಯಾಕೆ ಹೇಳ್ಲಿಲ್ಲ ಅವರು?"

"ಮಾರೋ ಸುದ್ದಿ ಯಾರಿಗೂ ಬಿಡಬಾರ್ದು ಅಂತ ನಿಮ್ಮ ದೊಡ್ಡಪ್ಪ ಮೇಷ್ಟ್ರ ಹತ್ರ ಆಣೆ ಹಾಕಿಸ್ಕೊಂಡಿದ್ರು. ಹನ್ನೊಂದು ಸಲ ಬಂದ್ರಮ್ಮ, ಪಾಪ. ಸುಮ್ನೆ ಬಿಟ್ರಾ ನಿಮ್ಮ ದೊಡ್ಡಪ್ಪ?"

"ಸುಮ್ನೆ ಬಿಡ್ಲಿಲ್ಲ ಅಂದ್ರೆ? ಮೇಷ್ಟ್ರು ಏನು ಕೊಟ್ರು?"

ದೊಡ್ಡಮ್ಮ ಖಾಲಿ ಕ್ಯಾನ್ ಎತ್ತಿಕೊಂಡರು. "ಸತ್ತೋರ ಮಾತು ಬಿಡು" ಎಂದು ಹೊರಟೇಬಿಟ್ಟರು.

ಅವರು ಹನ್ನೊಂದು ಎಂದರು. ನನ್ನಲ್ಲಿರುವುದು ಒಂಬತ್ತು. ದೊಡ್ಡಪ್ಪ ಒಂದಡಿ ನೆಲವನ್ನೂ ಸುಮ್ಮನೆ ಬಿಟ್ಟವರಲ್ಲ. ಮೇಷ್ಟ್ರು ಏನು ತೆಗೆದುಕೊಂಡರು ಎಂದು ಐದು ವಾರ ಕಿಟಕಿಯಲ್ಲಿ ಕಾದೆ. ಏನು ಕೊಟ್ಟರು ಎಂಬ ಪ್ರಶ್ನೆ ಒಂದು ದಿನವೂ ಹೊಳೆಯಲಿಲ್ಲ. ದೊಡ್ಡಪ್ಪ ಬಾಯಿ ಬಿಡುವವರಲ್ಲ, ಮೇಷ್ಟ್ರ ಹೆಂಡತಿಯನ್ನು ಕೇಳಿದೆ. ಗೊತ್ತಿಲ್ಲ ಎಂದರು. ನಿಜಕ್ಕೂ ಗೊತ್ತಿಲ್ಲವೋ, ನನಗೆ ಹೇಳಲು ಮನಸ್ಸಿಲ್ಲವೋ. ಸೋಲಿನ ಪಟ್ಟಿಯ ಆ ಸಾಲನ್ನು ಹೊಡೆದುಹಾಕಿದ್ದೇನೆ. ನಮ್ಮ ಹಸುಗಳು ದಿನಾ ನಡೆಯುವ ಆರಡಿಗೆ ಅವರು ತೆತ್ತದ್ದೇನೆಂದು ತಿಳಿಯದೆ ಗೆಲುವಿನ ಪಟ್ಟಿಗೆ ಬರೆದುಕೊಳ್ಳಲು ಕೈ ಬರುತ್ತಿಲ್ಲ.

ಆ ವಾರಗಳಲ್ಲಿ ಮೇಷ್ಟ್ರನ್ನು ದೊಡ್ಡಪ್ಪನ ಜೊತೆ ನೋಂದಣಿ ಕಚೇರಿಯ ಹತ್ತಿರವೋ, ಮೇಷ್ಟ್ರದೇ ಹೊಲದ ಬದುವಿನ ಮೇಲೋ, ಇನ್ನೆಲ್ಲಿಯೋ ಕಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ತಾರೀಕು ನೆನಪಿಲ್ಲದಿದ್ದರೂ ಪರವಾಗಿಲ್ಲ.